ನೃಪತುಂಗನ ಕಾಲದ ಒಂದು ಸಂಖ್ಯಾಹಾರ

ನಮ್ಮ ನೇಮಕಲ್ಲಿನ ಮನೆಯಲ್ಲಿ ದಿನಸಿ ಲೆಕ್ಕ ಕನ್ನಡದಲ್ಲಿ. ಮಕ್ಕಳ ಶಾಲೆಯ ಎಕ್ಕಗಳು ತೆಲುಗಿನಲ್ಲಿ. ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದದ್ದು 1953ರಲ್ಲಿ. 1956ನ್ನು ಕಂಡ ಕಾಸರಗೋಡಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಮ್ಮೆ ಮೊಮ್ಮಗಳು 111111ನ್ನು ಅದರಿಂದಲೇ ಗುಣಿಸಿ, "ತಾತ, ಈ ಉತ್ತರ ಹತ್ತಿ ಇಳಿಯುತ್ತೆ ನೋಡು" ಎಂದಳು. ಹಾಳೆಯಲ್ಲಿ 12345654321 ಇತ್ತು. "ಇದು ನಮ್ಮ ಕನ್ನಡದವರ ಸಂಖ್ಯೆ ಕಣಮ್ಮ" ಎಂದುಬಿಟ್ಟೆ. ಹೇಳಿದ ಮೇಲೆ ಹೌದೇ ಎಂದು ಯೋಚಿಸಬೇಕಾಯಿತು.

ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಗ್ರಂಥದ ಆರಂಭದಲ್ಲೇ ಆ ದೊರೆಯ ಸ್ತುತಿಯಿದೆ. ಗುಣಾಕಾರದ ಭಾಗದಲ್ಲಿ ಕೊರಳ ಹಾರದಂತೆ ಕಾಣುವ ಉತ್ತರಗಳನ್ನು ಅವರು ಕೊಡುತ್ತಾರೆ. ಅವುಗಳಲ್ಲೊಂದು, 27994681ನ್ನು 441ರಿಂದ ಗುಣಿಸುವ ಲೆಕ್ಕ. ಬರುವುದು ಇದೇ 12345654321.

ಮೊದಲು ನನಗೆ ಈ ಎರಡು ಸಂಖ್ಯೆಗಳು ಎಲ್ಲಿಂದಲೋ ಹೆಕ್ಕಿ ತಂದಂತೆ ಕಂಡವು. ಒಡೆದು ನೋಡಿದರೆ ಗುಟ್ಟು ತಿಳಿಯಿತು. 111111 ಎಂದರೆ 3, 7, 11, 13, 37ರ ಗುಣಲಬ್ಧ. 3 ಮತ್ತು 7 ಸೇರಿ 21, ಅದರ ವರ್ಗ 441. ಉಳಿದ ಮೂರು ಸೇರಿ 5291, ಅದರ ವರ್ಗ 27994681. ಹಾರವನ್ನು ಎರಡು ತುಂಡು ಮಾಡಿ ಶಿಷ್ಯನ ಕೈಗಿಟ್ಟಂತಿದೆ! ಅಂಕೆಗಳನ್ನು ಕೂಡಿದರೆ 36, ಅದು ಆರರ ವರ್ಗ. ಏಕೆಂದರೆ ಗುಣಿಸುವಾಗ ಆರು ಒಂದುಗಳ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ನಡುವಿನ ಕಂಬಸಾಲಿನಲ್ಲಿ ಆರು, ಎರಡೂ ತುದಿಗಳಲ್ಲಿ ಒಂದೊಂದು.

ಮಹಾವೀರಾಚಾರ್ಯರು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾರೆ, ಕೊನೆಯದು ಮಹಾಕ್ಷೋಭ. ನಮ್ಮ ಸಂಖ್ಯೆಯ ಮೊದಲ ಅಂಕೆ ಹನ್ನೊಂದನೆಯ ಸ್ಥಾನವಾದ ಅರ್ಬುದದಲ್ಲಿ ಕೂರುತ್ತದೆ.

ಇನ್ನು 'ನಮ್ಮದು' ಎಂಬ ಮಾತು. ದೊರೆ ಕನ್ನಡ ನಾಡಿನವನು, ಗ್ರಂಥದ ಭಾಷೆ ಸಂಸ್ಕೃತ. ಅದನ್ನು 11ನೇ ಶತಮಾನದಲ್ಲಿ ತೆಲುಗಿಗೆ ತಂದವನು ಪಾವುಲೂರಿ ಮಲ್ಲನ. ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದ ರಾಜಾದಿತ್ಯ 12ನೇ ಶತಮಾನದವನು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾದದ್ದು 2000ದಲ್ಲಿ. ಅಂದರೆ ನೃಪತುಂಗನ ಕಾಲದ ಈ ಲೆಕ್ಕ, ನಮ್ಮ ಮೊಮ್ಮಗಳು ಶಾಲೆಯಲ್ಲಿ ಕಲಿಯುವ ಭಾಷೆಗೆ ಒಂಬೈನೂರು ವರ್ಷಗಳ ಹಿಂದೆಯೇ ಹೋಗಿತ್ತು. ನನಗೆ ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಸಮಾಧಾನವೂ ಆಯಿತು. ಅವಳಿಗೆ ಎರಡನ್ನೂ ಹೇಳಿದೆ.

ಅವಳಿಗೆ ಅದರ ಗೊಡವೆ ಇರಲಿಲ್ಲ. ಒಂಬತ್ತು ಒಂದುಗಳ ತನಕ ಹಾರ ಕೆಡದೆ ಬಂತು. ಹತ್ತು ಒಂದುಗಳನ್ನು ಗುಣಿಸಿದಾಗ ದಶಕ ಉಳಿದು, ಉತ್ತರ 1234567900987654321 ಆಯಿತು. ಹತ್ತುವ ದಾರಿಯಲ್ಲಿ ಎಂಟು ಕಾಣೆ. "ಎಲ್ಲಿ ಹೋಯ್ತು ತಾತ?" ಎಂದು ಇನ್ನೊಂದು ಹಾಳೆ ತಂದಳು.