ಜೀಪು: ರಿಪೇರಿಗೆಂದೇ ಹುಟ್ಟಿದ ಗಾಡಿ

ದಾವಣಗೆರೆ ಜಿಲ್ಲೆಯ ನಕ್ಷೆಯನ್ನೊಮ್ಮೆ ಬಿಡಿಸಿ ನೋಡಿ. ದಕ್ಷಿಣದಲ್ಲಿ ಚನ್ನಗಿರಿ, ಶಾಂತಿಸಾಗರವೆಂಬ ಇನ್ನೊಂದು ಹೆಸರಿನ ಸೂಳೆಕೆರೆಯ ನೀರು, ಅಡಿಕೆ ತೋಟಗಳು. ಪಶ್ಚಿಮದಲ್ಲಿ ತುಂಗಭದ್ರೆಯ ದಂಡೆಯ ಮೇಲಿನ ಹೊನ್ನಾಳಿ. ಅದರಿಂದ ಬೇರ್ಪಟ್ಟು 2018ರಲ್ಲಿ ತಾಲ್ಲೂಕಾದ ನ್ಯಾಮತಿ, ಶಿವಮೊಗ್ಗದ ಕಡೆಗೆ ಹೊರಳಿದಂತೆ ಮಲೆನಾಡಿನ ಅಂಚನ್ನು ತಾಗುತ್ತದೆ. ಈಶಾನ್ಯದಲ್ಲಿ ಮಳೆ ಕಡಿಮೆಯ, ಬರದ ಹೆಸರು ಹೊತ್ತ ಜಗಳೂರು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ಗದ್ದೆಯ ಕೆಸರು, ಕಾಡಂಚಿನ ಏರು, ಬಯಲಿನ ದೂಳು ಇವು ಮೂರನ್ನೂ ತಾಳಿಕೊಂಡು ಹಳ್ಳಿಯವರೆಗೆ ಬರುತ್ತಿದ್ದ ವಾಹನವೆಂದರೆ ಜೀಪು. ಇಂದು ಎಸ್‌ಯುವಿ ಎಂದು ಕರೆಸಿಕೊಳ್ಳುವ ದೊಡ್ಡ ಗಾಡಿಗಳಿಗೆಲ್ಲ ಅದೇ ಹಿರಿಯಜ್ಜ.

ಐವತ್ತು ವರ್ಷ ಹಳೆಯದಾದ ಜೀಪೊಂದು ಇಂದಿಗೂ ಓಡುತ್ತಿದ್ದರೆ ಅದರಲ್ಲಿ ಮೂಲ ಭಾಗಗಳು ಎಷ್ಟು ಉಳಿದಿರುತ್ತವೆ? ಎಂಜಿನ್ ಬೇರೆ, ವಿದ್ಯುತ್ ವ್ಯವಸ್ಥೆ ಬೇರೆ, ಬ್ರೇಕ್ ಬೇರೆ. ಆದರೂ ಅದು ಜೀಪೇ. ಇದು ಹೇಗೆ ಸಾಧ್ಯವಾಯಿತು, ಆ ಸಾಧ್ಯತೆ ಈಗ ಏಕೆ ಕಿರಿದಾಗುತ್ತಿದೆ ಎಂಬುದನ್ನು ವಿಚಾರ ಮಾಡೋಣ.

ಯುದ್ಧ ಹಾಕಿದ ಷರತ್ತು

1940ರ ಜುಲೈ ತಿಂಗಳಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಒಂದು ಕರೆ ಕಳುಹಿಸಿತು. ನಾಲ್ಕು ಚಕ್ರಗಳಿಗೂ ಚಾಲನೆ ಇರುವ, ಹಗುರವಾದ ಒಂದು ಗಾಡಿ ಬೇಕು. ಮೊದಲ ಮಾದರಿಯನ್ನು 49 ದಿನಗಳಲ್ಲಿ ಒಪ್ಪಿಸಬೇಕು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ ನೆರವಿನಿಂದ ಸೆಪ್ಟೆಂಬರ್ 23ರಂದು ಮಾದರಿಯನ್ನು ತಂದು ನಿಲ್ಲಿಸಿತು. ಮುಂದೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಇದೇ ಬಗೆಯ ಗಾಡಿಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವು. 1945ರಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಅವುಗಳ ಸಂಖ್ಯೆ ಆರು ಲಕ್ಷವನ್ನು ದಾಟಿತ್ತು.

ಎರಡು ಕಂಪನಿಗಳು ಮಾಡಿದರೂ ಒಂದರ ಭಾಗ ಇನ್ನೊಂದಕ್ಕೆ ಕೂಡಬೇಕೆಂಬುದು ಸೇನೆಯ ಷರತ್ತಾಗಿತ್ತು. ಯುದ್ಧಭೂಮಿಯಲ್ಲಿ ಕೆಟ್ಟ ಎರಡು ಜೀಪುಗಳಿಂದ ಓಡುವ ಒಂದನ್ನು ಕಟ್ಟಲು ಇದು ಅಗತ್ಯ. ಏಣಿಯಂತಿರುವ ಉಕ್ಕಿನ ಚಾಸಿ. ಅದರ ಮೇಲೆ ಬೋಲ್ಟುಗಳಿಂದ ಬಿಗಿದ ದೇಹ. ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಅವುಗಳಿಗೆ ಕಮಾನು ಪಟ್ಟಿಗಳು. ಬಾನೆಟ್ ಎತ್ತಿದರೆ ಕೈಗೆ ಸಿಗುವ ನಾಲ್ಕು ಸಿಲಿಂಡರಿನ ಎಂಜಿನ್. ಯಾವುದೇ ಭಾಗವನ್ನು ಉಳಿದವುಗಳಿಂದ ಬೇರ್ಪಡಿಸಿ ಬಿಚ್ಚಬಹುದಾಗಿತ್ತು. ನಮ್ಮ ಹಳ್ಳಿಯ ಮೇಸ್ತ್ರಿಗೆ ಜೀಪು ಒಲಿದದ್ದು ಈ ಯುದ್ಧಕಾಲದ ಷರತ್ತಿನ ಫಲ.

ಮುಂಬಯಿಯಿಂದ ತಾಲ್ಲೂಕಿಗೆ

1945ರಲ್ಲಿ ಮಹೀಂದ್ರ ಸೋದರರು ಮತ್ತು ಗುಲಾಮ್ ಮೊಹಮ್ಮದ್ ಸೇರಿ ಸ್ಥಾಪಿಸಿದ ಸಂಸ್ಥೆ, ದೇಶವಿಭಜನೆಯ ನಂತರ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. 1949ರಲ್ಲಿ ಬಿಡಿಭಾಗಗಳಾಗಿ ಬಂದ 75 ಜೀಪುಗಳನ್ನು ಅದು ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸಿತು. 1950ರ ದಶಕದಲ್ಲಿ ತಯಾರಿಕೆ ಹಂತ ಹಂತವಾಗಿ ಇಲ್ಲಿಯೇ ನಡೆಯತೊಡಗಿತು. ನಮ್ಮಲ್ಲಿ ಬಹುಕಾಲ ಕಂಡ ಎತ್ತರದ ಬಾನೆಟ್ಟಿನ ಮಾದರಿಯ ಹೆಸರು ಸಿಜೆ-3ಬಿ. ಹಳೆಯ ಎಂಜಿನ್‌ನಲ್ಲಿ ಕವಾಟಗಳೆಲ್ಲ ಬ್ಲಾಕಿನಲ್ಲಿದ್ದವು. ಹೊಸದರಲ್ಲಿ ಒಳಸೇರುವ ಗಾಳಿಯ ಕವಾಟಗಳನ್ನು ಸಿಲಿಂಡರ್ ಹೆಡ್ಡಿಗೆ ಏರಿಸಿದ್ದರಿಂದ ಎಂಜಿನ್ ಎತ್ತರವಾಯಿತು. ಅದಕ್ಕೆ ತಕ್ಕಂತೆ ಬಾನೆಟ್ಟೂ ಎತ್ತರವಾಯಿತು.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಬ್ಲಾಕ್‌ಗಳು ರೂಪುಗೊಂಡಂತೆ ಬಿಡಿಓ ಜೀಪು ಹಳ್ಳಿಗರಿಗೆ ಪರಿಚಿತವಾಯಿತು. ಸರ್ಕಾರಿ ಸೇವೆ ಮುಗಿಸಿದ ಜೀಪುಗಳು ಹರಾಜಿನಲ್ಲಿ ಖಾಸಗಿಯವರ ಕೈ ಸೇರುತ್ತಿದ್ದವು. ಅವುಗಳ ಎರಡನೆಯ ಬಾಳು ಶುರುವಾಗುತ್ತಿದ್ದುದು ಗ್ಯಾರೇಜಿನಲ್ಲಿ.

ಈ ಬಾಳಿಗೆ ಊರುಗೋಲಾದದ್ದು ಲೇತ್ ಯಂತ್ರ. 1941ರಲ್ಲಿ, ಅಂದರೆ ವಿಲ್ಲೀಸ್ ಜೀಪಿನ ತಯಾರಿಕೆ ಅಮೆರಿಕದಲ್ಲಿ ಆರಂಭವಾದ ವರ್ಷವೇ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಅಲ್ಲಿ ತಯಾರಾಗುತ್ತಿದ್ದುದು ಲೇತ್ ಮುಂತಾದ ಯಂತ್ರೋಪಕರಣಗಳು. ಸವೆದ ಬುಷ್‌ಗೆ ಬದಲು ಹೊಸ ಬುಷ್ ಕಡೆಯುವುದು, ಗೀರು ಬಿದ್ದ ಬ್ರೇಕ್ ಡ್ರಮ್ಮನ್ನು ಸಮ ಮಾಡುವುದು, ಒಂದು ಎಂಜಿನ್ನನ್ನು ಇನ್ನೊಂದರ ಗೇರ್ ಪೆಟ್ಟಿಗೆಗೆ ಕೂಡಿಸುವ ತಟ್ಟೆ ತಯಾರಿಸುವುದು ಇವೆಲ್ಲ ಲೇತಿನ ಕೆಲಸ. ಕಾರ್ಖಾನೆ ಈಗ ಇಲ್ಲವಾದರೂ ಲೇತ್ ಕೆಲಸದ ಕಸುಬು ನಮ್ಮ ಊರುಗಳಲ್ಲಿ ಉಳಿದಿದೆ.

ಕೂದಲೆಳೆಯ ಅಂತರ

ಜೀಪಿನ ನಟ್ಟು ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ಭಾರತದಲ್ಲಿ ಮೆಟ್ರಿಕ್ ಅಳತೆ 1958ರ ಅಕ್ಟೋಬರ್‌ನಿಂದ ಜಾರಿಗೆ ಬಂದಿತು. ಹೀಗಾಗಿ ಗ್ಯಾರೇಜಿನಲ್ಲಿ ಎರಡು ಸೆಟ್ ಪಾನಾಗಳು ಬೇಕಾದವು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಅದಕ್ಕೆ 13 ಮಿಲಿಮೀಟರ್ ಪಾನಾ ಹಾಕಿದರೆ ಕೂತಂತೆ ಕಾಣುತ್ತದೆ. ಆದರೆ 0.3 ಮಿಲಿಮೀಟರ್ ಸಂದಿನಿಂದಾಗಿ ಬಲವೆಲ್ಲ ನಟ್ಟಿನ ಮೂಲೆಗಳ ಮೇಲೆ ಬೀಳುತ್ತದೆ. ತುಕ್ಕು ಹಿಡಿದ ನಟ್ಟಾದರೆ ಮೂಲೆ ಸವೆದು ಗುಂಡಗಾಗುತ್ತದೆ. ಪಾನಾ ಜಾರಿ ಕೈಗೂ ಪೆಟ್ಟಾಗುತ್ತದೆ. ಅಳತೆಯ ನಿಖರತೆ ಏಕೆ ಬೇಕೆಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಆರರಿಂದ ಹನ್ನೆರಡು ವೋಲ್ಟ್‌ಗೆ

ಯುದ್ಧಕಾಲದ ಜೀಪುಗಳಲ್ಲಿ 6 ವೋಲ್ಟ್ ಬ್ಯಾಟರಿ ಇತ್ತು. ಮಂದವಾಗಿ ಉರಿಯುವ ದೀಪವೆಂಬುದು ಹಳೆಯ ಜೀಪಿನ ಮೇಲಿದ್ದ ದೂರು. ಮಾಲೀಕರು ಅದನ್ನು 12 ವೋಲ್ಟ್‌ಗೆ ಬದಲಾಯಿಸಿಕೊಂಡರು. ಇದರಿಂದ ಲಾಭವೇನು?

ಎರಡು ದೀಪಗಳಿಗೆ ಒಟ್ಟು 72 ವ್ಯಾಟ್ ಬೇಕೆಂದು ಇಟ್ಟುಕೊಳ್ಳೋಣ. 6 ವೋಲ್ಟ್‌ನಲ್ಲಿ 12 ಆಂಪಿಯರ್ ಪ್ರವಾಹ ಹರಿಯಬೇಕು; 12 ವೋಲ್ಟ್‌ನಲ್ಲಿ 6 ಆಂಪಿಯರ್ ಸಾಕು. ಹಳೆಯ ತಂತಿ, ತುಕ್ಕು ಹಿಡಿದ ಸಂಪರ್ಕಗಳು ಎಲ್ಲ ಸೇರಿ ರೋಧ 0.1 ಓಮ್ ಆದರೆ, ದಾರಿಯಲ್ಲಿ ಶಾಖವಾಗಿ ಹೋಗುವ ಶಕ್ತಿ ಸ್ಥೂಲವಾಗಿ ಮೊದಲನೆಯದರಲ್ಲಿ 14.4 ವ್ಯಾಟ್, ಎರಡನೆಯದರಲ್ಲಿ 3.6 ವ್ಯಾಟ್. ಪ್ರವಾಹ ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ವಿದ್ಯುತ್ತನ್ನು ದೂರಕ್ಕೆ ಸಾಗಿಸುವಾಗ ವೋಲ್ಟೇಜ್ ಏರಿಸುವುದೂ ಇದೇ ಕಾರಣಕ್ಕೆ.

ಆದರೆ ಬ್ಯಾಟರಿಯೊಂದನ್ನೇ ಬದಲಿಸಿದರೆ ಸಾಲದು. ಬಲ್ಬು, ಇಗ್ನಿಷನ್ ಕಾಯಿಲ್, ಡೈನಮೊ, ರೆಗ್ಯುಲೇಟರ್, ಮೀಟರುಗಳು ಎಲ್ಲವೂ ಹೊಸ ವೋಲ್ಟೇಜಿಗೆ ಹೊಂದಬೇಕು. ಮುಂದೆ ಡೈನಮೊ ಜಾಗಕ್ಕೆ ಆಲ್ಟರ್ನೇಟರ್ ಬಂದಿತು. ಎಂಜಿನ್ ನಿಧಾನವಾಗಿ ತಿರುಗುವಾಗಲೂ ಅದು ಬ್ಯಾಟರಿಯನ್ನು ತುಂಬಬಲ್ಲದು. ಆದರೆ ಅದರೊಳಗೆ ಡಯೋಡ್‌ಗಳಿವೆ. ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿದರೆ ಅವು ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಡೀಸೆಲ್ ತಂದ ತೊಡಕು

ಜೀಪಿನ ರಿಪೇರಿ ಚರಿತ್ರೆಯಲ್ಲಿ ಅತಿ ದೊಡ್ಡ ಬದಲಾವಣೆ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸಿದ್ದು. ಡೀಸೆಲ್ ಬೆಲೆ ಕಡಿಮೆ ಇತ್ತು. ಬಾಡಿಗೆ ಓಡಿಸುವವರಿಗೆ ಈ ವ್ಯತ್ಯಾಸ ದೊಡ್ಡದು. ಟ್ರ್ಯಾಕ್ಟರ್ ಬಂದ ಊರುಗಳಲ್ಲಿ ಡೀಸೆಲ್ ಎಂಜಿನ್ ಬಲ್ಲ ಕೈಗಳೂ ಇದ್ದವು. ಮಹೀಂದ್ರ ಸಂಸ್ಥೆ 1979ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ 2,112 ಘನ ಸೆಂಟಿಮೀಟರ್‌ಗಳ ಡೀಸೆಲ್ ಎಂಜಿನ್ ತಯಾರಿಸುವ ಪರವಾನಗಿ ಪಡೆಯಿತು. ಕಂಪನಿಯ ಹೊಸ ಜೀಪುಗಳಲ್ಲಿ ಡೀಸೆಲ್ ಬಂದಂತೆ, ಹಳೆಯವುಗಳಿಗೂ ಅಂಥ ಎಂಜಿನ್ ಕೂಡಿಸುವ ಕೆಲಸ ಗ್ಯಾರೇಜುಗಳಲ್ಲಿ ನಡೆಯಿತು.

ಪೆಟ್ರೋಲ್ ಜೀಪಿನ ಸಂಪೀಡನ ಅನುಪಾತ ಸುಮಾರು 7. ಡೀಸೆಲ್ ಎಂಜಿನ್‌ನಲ್ಲಿ ಅದು 20ನ್ನೂ ದಾಟಬಹುದು. ಗಾಳಿಯನ್ನು ಅಷ್ಟು ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಪ್ಲಗ್ಗಿನ ಕಿಡಿ ಬೇಕಿಲ್ಲ. ಆದರೆ ಆ ಒತ್ತಡವನ್ನು ತಾಳಲು ಎಂಜಿನ್ನಿನ ಭಾಗಗಳು ದಪ್ಪವಾಗಿರಬೇಕು. ತೂಕ ಹೆಚ್ಚಿದಂತೆ ಮುಂದಿನ ಕಮಾನು ಪಟ್ಟಿಗಳು ಕುಸಿಯುತ್ತವೆ. ಇನ್ನೊಂದು ಪಟ್ಟಿ ಸೇರಿಸಬೇಕಾಗುತ್ತದೆ. ಎಂಜಿನ್ನಿನ ದಂಡವೂ ಗೇರ್ ಪೆಟ್ಟಿಗೆಯ ದಂಡವೂ ಒಂದೇ ಅಕ್ಷದಲ್ಲಿರಬೇಕು. ಮಿಲಿಮೀಟರಿನ ಒಂದಂಶ ತಪ್ಪಿದರೂ ಬೇರಿಂಗ್ ಮತ್ತು ಕ್ಲಚ್ ಬೇಗ ಸವೆಯುತ್ತವೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣದಂಥದು. ಪಾದದ ಬಲ ಸಾಲದೆಂದು ಬ್ರೇಕಿಗೆ ಬೂಸ್ಟರ್ ಜೋಡಿಸುತ್ತಾರೆ. ಅದು ಕೆಲಸ ಮಾಡುವುದು ಹೊರಗಿನ ವಾಯುಭಾರ ಮತ್ತು ಒಳಗಿನ ಭಾಗಶಃ ನಿರ್ವಾತದ ನಡುವಿನ ವ್ಯತ್ಯಾಸದಿಂದ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯ ದಾರಿಯನ್ನು ಥ್ರಾಟಲ್ ಮುಚ್ಚುವುದರಿಂದ ಈ ನಿರ್ವಾತ ತಾನಾಗಿ ಸಿಗುತ್ತದೆ. ಇಂಥ ಡೀಸೆಲ್ ಎಂಜಿನ್‌ಗಳಲ್ಲಿ ಥ್ರಾಟಲ್ ಇಲ್ಲ. ಇಂಧನದ ಪ್ರಮಾಣವನ್ನಷ್ಟೇ ನಿಯಂತ್ರಿಸುತ್ತಾರೆ. ಆದ್ದರಿಂದ ನಿರ್ವಾತ ಪಂಪು ಬೇರೆಯಾಗಿ ಬೇಕು. ಎಷ್ಟೋ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅದನ್ನು ಮರೆತು ಎಂಜಿನ್ ಬದಲಿಸಿದರೆ ಗಾಡಿ ಚೆನ್ನಾಗಿ ಓಡುತ್ತದೆ, ನಿಲ್ಲುವುದಿಲ್ಲ!

ವೇಗ ಗಂಟೆಗೆ 40ರಿಂದ 60 ಕಿಲೋಮೀಟರಿಗೆ ಏರಿದರೆ ಗಾಡಿಯ ಚಲನಶಕ್ತಿ ಎರಡೂಕಾಲು ಪಟ್ಟು ಆಗುತ್ತದೆ. ಅಷ್ಟನ್ನೂ ಬ್ರೇಕ್ ಡ್ರಮ್ಮುಗಳು ಶಾಖವಾಗಿ ಪರಿವರ್ತಿಸಬೇಕು. ಎಂಜಿನ್ ಬಲ ಹೆಚ್ಚಿಸುವವರು ಮೊದಲು ಬ್ರೇಕ್ ನೋಡಬೇಕೆಂಬ ಮಾತಿಗೆ ಈ ಲೆಕ್ಕವೇ ಆಧಾರ.

ಅನುಭವದ ಜೊತೆಗೆ ತಿಳಿವಳಿಕೆ

ಬ್ರೇಕ್ ನಳಿಕೆಯಲ್ಲಿ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುವುದೆಂದು ಎಲ್ಲ ಮೇಸ್ತ್ರಿಗಳಿಗೂ ಗೊತ್ತು. ದ್ರವ ಸಂಕೋಚನಗೊಳ್ಳುವುದಿಲ್ಲ, ಗಾಳಿ ಸಂಕೋಚನಗೊಳ್ಳುತ್ತದೆ ಎಂಬುದೇ ಇದರ ಕಾರಣ. ಪಾಸ್ಕಲನ ನಿಯಮ ಕಲಿಸುವ ಶಿಕ್ಷಕರು ಇದನ್ನು ಗ್ಯಾರೇಜಿನಲ್ಲೇ ತೋರಿಸಬಹುದು. ಬ್ರೇಕ್ ಆಯಿಲ್ ಇಲ್ಲವೆಂದು ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ವಾಷರುಗಳು ಉಬ್ಬಿ ಬ್ರೇಕ್ ಕೈಕೊಡುತ್ತದೆ.

ಅನುಭವಕ್ಕೆ ತಿಳಿಯದ ಅಪಾಯಗಳೂ ಇವೆ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ಮಿನ ದೂಳನ್ನು ಊದಿ ತೆಗೆದಾಗ ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶ ಸೇರುತ್ತವೆ. ರೋಗ ಕಾಣಿಸಿಕೊಳ್ಳುವುದು ದಶಕಗಳ ನಂತರ. ಹೀಗಾಗಿ ಕಾರಣ ಯಾವುದೆಂದು ಯಾರಿಗೂ ಹೊಳೆಯುವುದಿಲ್ಲ. ಊದದೆ ಒದ್ದೆ ಬಟ್ಟೆಯಿಂದ ಒರೆಸುವುದು ಸರಿಯಾದ ಕ್ರಮ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ನುಸುಳಬಾರದು. ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಬೇಸಿಗೆಯಲ್ಲಿ ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿಯೂ ಕುದಿಯದೆ ಇರುತ್ತದೆ; ಮುಚ್ಚಳ ತೆರೆದೊಡನೆ ಆವಿಯಾಗಿ ಚಿಮ್ಮುತ್ತದೆ.

ನಾಲ್ಕು ಚಕ್ರಗಳ ಚಾಲನೆಯಲ್ಲೂ ಇಂಥದೇ ಒಂದು ತಿಳಿವಳಿಕೆ ಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಎರೆಮಣ್ಣಿನ ಕೆಸರಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ಟಾರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲದೆ ಗೇರುಗಳೇ ಒತ್ತಡ ತಿನ್ನುತ್ತವೆ. ಸನ್ನೆ ಎಳೆಯುವವರಿಗೆ ಇದು ಗೊತ್ತಿದ್ದರೆ ಒಂದು ರಿಪೇರಿ ಉಳಿಯುತ್ತದೆ.

ಪಾನಾದಿಂದ ಸ್ಕ್ಯಾನರ್‌ಗೆ

1994ರಲ್ಲಿ ಟಾಟಾ ಸುಮೊ, 2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ ಬಂದವು. ಇವೂ ಚಾಸಿಯ ಮೇಲೆ ದೇಹ ಕೂರಿಸಿದ ಗಾಡಿಗಳೇ. ಆದರೆ ಹೊಗೆ ನಿಯಂತ್ರಣದ ಮಾನಕಗಳು ಬಿಗಿಯಾದಂತೆ ಎಂಜಿನ್ನಿನ ಆಡಳಿತ ಎಲೆಕ್ಟ್ರಾನಿಕ್ ಘಟಕದ ಕೈಗೆ ಹೋಯಿತು. ಬಿಎಸ್-4 ಮಾನಕ 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಮಾನಕ 2020ರ ಏಪ್ರಿಲ್‌ನಲ್ಲಿ ದೇಶಾದ್ಯಂತ ಜಾರಿಗೆ ಬಂದವು. ನಾವು ಉಸಿರಾಡುವ ಗಾಳಿಗೆ ಇದು ಅಗತ್ಯವಾಗಿತ್ತು. ಆದರೆ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಇಂಧನ ಸಿಂಪಡಿಸುವ ಕಾಮನ್ ರೈಲ್ ವ್ಯವಸ್ಥೆಯನ್ನು ಪಾನಾ ಹಿಡಿದು ಬಿಚ್ಚುವಂತಿಲ್ಲ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಬಲ್ಲದು. ದೋಷ ಹುಡುಕಲು ಸ್ಕ್ಯಾನರ್ ಬೇಕು, ಕಂಪನಿಯ ಮಾಹಿತಿ ಬೇಕು.

ಕಾನೂನೂ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಸ್ಪಷ್ಟಪಡಿಸಿತು. ಎಂಜಿನ್ ಬದಲಿಸುವ ಮೊದಲು ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ರದ್ದುಪಡಿಸುವ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅಷ್ಟು ಹಳೆಯ ಬಿಡಿಓ ಜೀಪು ಹರಾಜಿನಲ್ಲಿ ಬಂದು ಎರಡನೆಯ ಬಾಳು ಕಾಣುವ ದಾರಿ ಇದರಿಂದ ಮುಚ್ಚಿತು.

ಹಾಗಾದರೆ ರಿಪೇರಿಯ ಜ್ಞಾನಕ್ಕೆ ಇನ್ನು ಬೆಲೆಯಿಲ್ಲವೇ? ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ರಚಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇದಕ್ಕಾಗಿ ಅಂತರಜಾಲ ತಾಣ ಆರಂಭವಾಯಿತು. ಕೊಂಡವನಿಗೆ ಬಿಚ್ಚುವ, ತಿಳಿಯುವ, ಸರಿಪಡಿಸಿಕೊಳ್ಳುವ ಅವಕಾಶ ಎಷ್ಟಿರಬೇಕೆಂಬ ಚರ್ಚೆ ನಡೆದಿದೆ. 1940ರ ಜೀಪು ಈ ಚರ್ಚೆಗೆ ಒಂದು ಪುರಾವೆಯನ್ನು ಒದಗಿಸುತ್ತದೆ. ರಿಪೇರಿಗೆ ಒಗ್ಗುವ ಗುಣವನ್ನು ವಿನ್ಯಾಸದ ಹಂತದಲ್ಲೇ ಸೇರಿಸಬಹುದು. ಕೇಳುವವರು ಇದ್ದರೆ ತಯಾರಕರು ಸೇರಿಸುತ್ತಾರೆ. ಅಂದು ಕೇಳಿದ್ದು ಸೇನೆ. ಇಂದು ಕೇಳಬೇಕಾದವರು ಕೊಳ್ಳುವ ನಾವು.

ಶಿಕ್ಷಕರು ವಿದ್ಯಾರ್ಥಿಗಳನ್ನು ತಮ್ಮ ಊರಿನ ಹಳೆಯ ಗ್ಯಾರೇಜಿಗೆ ಒಮ್ಮೆ ಕರೆದೊಯ್ಯಲಿ. ಯಾವ ಭಾಗವನ್ನು ಏಕೆ ಬದಲಿಸಿದರು, ಬದಲಿಸಿದ ಮೇಲೆ ಇನ್ನೇನು ಬದಲಿಸಬೇಕಾಯಿತು ಎಂದು ಮೇಸ್ತ್ರಿಯನ್ನು ಕೇಳಿ ಬರೆದುಕೊಳ್ಳಲಿ. ಪುಸ್ತಕದಲ್ಲಿ ದಾಖಲಾಗದ ಈ ತಂತ್ರಜ್ಞಾನದ ಚರಿತ್ರೆಯನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.