ಗೋಡೆ, ನೆಲ, ಮಾಡು: ಮಲೆನಾಡು ಮತ್ತು ಕರಾವಳಿಯ ಮನೆಯೊಳಗಿನ ಸ್ಥಳೀಯತೆಯ ಚರಿತ್ರೆ

ಪರಿಸರಸ್ನೇಹಿ ಗೃಹಾಲಂಕರಣದ ಕುರಿತ ಚರ್ಚೆಗಳಲ್ಲಿ ‘ಸ್ಥಳೀಯ ಸಾಮಗ್ರಿ’ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಮಣ್ಣಿನ ಗೋಡೆ, ಹೆಂಚಿನ ಮಾಡು, ಕೆಂಪು ನೆಲ ಇವೆಲ್ಲವನ್ನೂ ಒಂದೇ ಸಾಲಿನಲ್ಲಿರಿಸಿ, ಅವು ಅನಾದಿಯಿಂದ ಬಂದವೆಂಬಂತೆ ವಿವರಿಸುವುದು ವಾಡಿಕೆಯಾಗಿದೆ. ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದಾಗ ಇವುಗಳ ವಯಸ್ಸು ಒಂದೇ ಅಲ್ಲ, ಮೂಲವೂ ಒಂದೇ ಅಲ್ಲ. ಮಲೆನಾಡು ಹಾಗೂ ಕರಾವಳಿಯ ಮನೆಗಳ ಒಳಾಂಗಣವನ್ನು ಆಧರಿಸಿ ಸ್ಥಳೀಯತೆಯ ಅರ್ಥವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಗೋಡೆಯನ್ನು ಗಮನಿಸಬಹುದು. ಕರಾವಳಿಯ ಗೋಡೆಯ ಮುಖ್ಯ ಸಾಮಗ್ರಿ ಮುರಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದು ಇದರ ಗುಣ. 1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಕಥನದಲ್ಲಿ ಈ ಶಿಲೆಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇಟ್ಟಿಗೆಯಂತೆ ಕತ್ತರಿಸಿ ಬಳಸುವ ಜನರ ಕ್ರಮವೇ ಈ ಹೆಸರಿಗೆ ಪ್ರೇರಣೆ. ಅಂದರೆ ಭೂವಿಜ್ಞಾನದ ಒಂದು ಪರಿಭಾಷೆಯ ಹಿಂದೆ ಗೋಡೆ ಕಟ್ಟುವವರ ತಿಳಿವಳಿಕೆಯಿದೆ.

ಮಾಡಿನ ಚರಿತ್ರೆ ಇದಕ್ಕಿಂತ ಭಿನ್ನ. ಅಡಿಕೆಯ ಸೋಗೆ ಮತ್ತು ಮುಳಿಹುಲ್ಲಿನ ಹೊದಿಕೆ ತೋಟ, ಬೇಣಗಳಿಂದ ಬಂದು, ಹಳತಾದಾಗ ಗೊಬ್ಬರವಾಗಿ ಮಣ್ಣಿಗೆ ಮರಳುತ್ತಿತ್ತು. ಆದರೆ ಬೆಂಕಿಯ ಭಯ, ಗೆದ್ದಲಿನ ಕಾಟ ಮತ್ತು ಮತ್ತೆ ಮತ್ತೆ ಹೊದಿಸುವ ಶ್ರಮ ಅದರ ಜೊತೆಗಿದ್ದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಜಾರ್ಜ್ ಪ್ಲೆಬ್ಸ್ಟ್‌ನ ನೇತೃತ್ವದಲ್ಲಿ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ನೇತ್ರಾವತಿ ಹಾಗೂ ಗುರುಪುರ ನದಿಗಳ ಬಳಿಯ ಜೇಡಿಮಣ್ಣು ಇಲ್ಲಿಯದು. ಒಂದಕ್ಕೊಂದು ಕೊಂಡಿಯಾಗಿ ಕೂರುವ ಹೆಂಚಿನ ತಂತ್ರ ಯುರೋಪಿನದು. ಗೂಡುಗಳನ್ನು ಉರಿಸಲು ಬೇಕಾದದ್ದು ಅಪಾರ ಸೌದೆ. ಕೆಲವೇ ತಲೆಮಾರುಗಳಲ್ಲಿ ಅದು ‘ಮಂಗಳೂರು ಹೆಂಚು’ ಎಂದೇ ಪ್ರಸಿದ್ಧವಾಯಿತು. ಹೊರಗಿನಿಂದ ಬಂದ ತಂತ್ರವೊಂದು ಊರಿನ ಹೆಸರನ್ನೇ ಪಡೆದ ಈ ನಿದರ್ಶನವು ಸ್ಥಳೀಯತೆ ಹುಟ್ಟಿನಿಂದ ಬರುವುದಲ್ಲ, ಬಳಕೆಯಿಂದ ಗಳಿಸಿಕೊಳ್ಳುವುದು ಎಂಬುದನ್ನು ಸ್ಪಷ್ಟಪಡಿಸುತ್ತದೆ. ಸ್ಥಳೀಯವಾದುದೆಲ್ಲವೂ ಕಾಡಿಗೆ ಹಾನಿಯಿಲ್ಲದ್ದು ಎಂಬ ಗ್ರಹಿಕೆಯೂ ಇಲ್ಲಿ ಪ್ರಶ್ನೆಗೊಳಗಾಗುತ್ತದೆ.

ನೆಲದ ವಿಷಯ ಇನ್ನೂ ಸೂಕ್ಷ್ಮವಾದುದು. ಕೆಮ್ಮಣ್ಣನ್ನು ಹದಮಾಡಿ, ಹಲಗೆಯಿಂದ ಬಡಿದು, ನುಣುಪಾದ ಕಲ್ಲಿನಿಂದ ಉಜ್ಜಿ, ಸಗಣಿಗೆ ಇದ್ದಿಲಿನ ಪುಡಿ ಬೆರೆಸಿ ಸಾರಿಸಿದ ಕಪ್ಪು ನೆಲ ಇಪ್ಪತ್ತನೆಯ ಶತಮಾನದಲ್ಲಿಯೂ ಬಳಕೆಯಲ್ಲಿತ್ತು. ಅದರ ಜಾಗವನ್ನು ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿದ ಕೆಂಪು ಗಾರೆ ಆಕ್ರಮಿಸಿತು. ಇಂದು ಪರಂಪರೆಯ ಕುರುಹಾಗಿ ಕಾಣುವ ಈ ಕೆಂಪು ನೆಲಕ್ಕೆ ಸಿಮೆಂಟನ್ನೂ ಬಣ್ಣವನ್ನೂ ಪೇಟೆಯಿಂದಲೇ ತರಬೇಕಿತ್ತು. ಆದರೂ ಅದನ್ನು ಪರಂಪರೆಯ ನಾಶವೆಂದಷ್ಟೇ ಬಗೆಯುವುದು ಸರಿಯಲ್ಲ. ಹಳೆಯ ನೆಲ ಬಾಳುತ್ತಿದ್ದುದು ಹೆಣ್ಣುಮಕ್ಕಳ ನಿತ್ಯದ ದುಡಿಮೆಯಿಂದ. ಕೆಂಪು ಗಾರೆ ಬಂದಾಗ ಒಂದು ಸಾಮಗ್ರಿ ಮರೆಯಾದಂತೆಯೇ ಮಂಡಿಯೂರಿ ಮಾಡುತ್ತಿದ್ದ ಒಂದು ಕೆಲಸವೂ ಕಡಿಮೆಯಾಯಿತು.

ಈ ದುಡಿಮೆ ದಾಖಲೆಗಳಲ್ಲಿ ಎಲ್ಲಿದೆ? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವು ಚಿತ್ರ ಬರೆಯುವ ಭಿತ್ತಿಯನ್ನು ಸಿದ್ಧಗೊಳಿಸುವ ವಿಧಾನವನ್ನೂ, ಎಮ್ಮೆಯ ತೊಗಲಿನಿಂದ ಪಡೆಯುವ ವಜ್ರಲೇಪವನ್ನೂ ವಿವರವಾಗಿ ನಿರೂಪಿಸುತ್ತದೆ. ಅರಮನೆಯ ಗೋಡೆಗೆ ಶಾಸ್ತ್ರಗ್ರಂಥ ದೊರೆಯಿತು. ಗುಡಿಸಲಿನ ಗೋಡೆಗೆ ದೊರೆಯಲಿಲ್ಲ. ಸಾಗರ, ಸೊರಬ ಪರಿಸರದ ದೀವರ ಮಹಿಳೆಯರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಗಳಿಂದ, ಪುಂಡಿನಾರಿನ ಕುಂಚ ಹಿಡಿದು ಬರೆಯುವ ಹಸೆ ಚಿತ್ತಾರದ ಜ್ಞಾನ ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಸಾಗಿಬಂದಿತು. ಇತ್ತೀಚಿನ ದಶಕಗಳಲ್ಲಿ ಈ ಚಿತ್ತಾರ ಕಾಗದ, ಬಟ್ಟೆ, ಹಲಗೆಗಳ ಮೇಲೆ ಮೂಡಿ ನಗರದ ಮನೆಗಳ ಅಲಂಕಾರವಾಗಿದೆ. ಕಲಾವಿದೆಯರಿಗೆ ಆದಾಯವೂ ಮನ್ನಣೆಯೂ ದೊರೆಯುವುದು ಸ್ವಾಗತಾರ್ಹ. ಆದರೆ ಚಿತ್ತಾರದೊಡನೆ ಅದರ ಗೋಡೆ ಪ್ರಯಾಣ ಮಾಡುವುದಿಲ್ಲ. ಕೆಮ್ಮಣ್ಣಿನ ಹದ, ಮಳೆಗಾಲದ ಅನಂತರದ ಮರುಲೇಪನ ಇವು ಚೌಕಟ್ಟಿನ ಹೊರಗೇ ಉಳಿಯುತ್ತವೆ.

ಆಧುನಿಕ ವಿಜ್ಞಾನವು ಮಣ್ಣಿನ ಕಡೆಗೆ ಮರಳಿ ನೋಡಿದ್ದನ್ನೂ ಇಲ್ಲಿ ಸ್ಮರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿದ, ಸುಡುವ ಅಗತ್ಯವಿಲ್ಲದ ಮಣ್ಣಿನ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿತು. ಸೌದೆಯ ಪ್ರಶ್ನೆಗೂ ಪದೇ ಪದೇ ಲೇಪಿಸುವ ಶ್ರಮದ ಪ್ರಶ್ನೆಗೂ ಒಟ್ಟಿಗೆ ಉತ್ತರ ಹುಡುಕಿದ ಪ್ರಯತ್ನವೆಂದು ಇದನ್ನು ಪರಿಗಣಿಸಬಹುದು.

ಒಟ್ಟಾರೆಯಾಗಿ, ಒಂದು ಸಾಮಗ್ರಿ ಪರಿಸರಸ್ನೇಹಿಯೇ ಎಂದು ನಿರ್ಣಯಿಸಲು ಅದು ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆ ಸಾಲದು. ಅದನ್ನು ಯಾರು, ಎಷ್ಟು ದುಡಿದು ಕಾಪಾಡುತ್ತಾರೆ, ಕೊನೆಗೆ ಅದು ಎಲ್ಲಿಗೆ ಸೇರುತ್ತದೆ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯ. ಸೋಗೆಯ ಮಾಡು ಮೊದಲ ಮತ್ತು ಕೊನೆಯ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸುತ್ತದೆ; ನಡುವಿನ ಪ್ರಶ್ನೆಯಲ್ಲಿ ತಡವರಿಸುತ್ತದೆ. ನಮ್ಮ ವಸ್ತುಸಂಗ್ರಹಾಲಯಗಳು ಕಂಬ, ಬಾಗಿಲು, ಪಾತ್ರೆಗಳನ್ನು ಶ್ರದ್ಧೆಯಿಂದ ಉಳಿಸಿಕೊಂಡಿವೆ. ಆದರೆ ನೆಲವನ್ನು ಹದಮಾಡುವ ಕ್ರಮ ವಸ್ತುವಲ್ಲ. ಅದು ಬಲ್ಲವರ ಕೈಯಲ್ಲಿದೆ. ಆ ಕೈಗಳಿಗೆ ಈಗ ವಯಸ್ಸಾಗಿದೆ. ಅವರ ಮಾತುಗಳನ್ನು ಊರೂರುಗಳಲ್ಲಿ ಸಂಗ್ರಹಿಸಿ, ಮಣ್ಣಿನ ಪ್ರಮಾಣ, ಋತು ಮತ್ತು ಶ್ರಮದ ವಿವರಗಳೊಡನೆ ದಾಖಲಿಸುವ ಕಾರ್ಯವನ್ನು ಸಂಶೋಧಕರು ವಿಳಂಬವಿಲ್ಲದೆ ಕೈಗೆತ್ತಿಕೊಳ್ಳಬೇಕಾದ ಅಗತ್ಯವಿದೆ.