ಕ್ಯಾಂಬರ್

ಒಳಮುಖವಾಗಿ ಬಾಗಿದುದು ಎಂಬರ್ಥದ ಲ್ಯಾಟಿನ್ನಿನ ‘ಕಾಮುರುಸ್’ ಶಬ್ದವು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಹಡಗಿನ ಡೆಕ್ಕಿನ ಉಬ್ಬಿಗೂ ರಸ್ತೆಯ ನಡುವಣ ಏರಿಗೂ ಹೆಸರಾಗಿ, ಕಡೆಗೆ ಕಾರಿನ ಚಕ್ರವು ಲಂಬರೇಖೆಯಿಂದ ಓರೆಯಾಗುವ ಕೋನಕ್ಕೂ ಸಂದಿತು. ಚಕ್ರದ ತಲೆ ಒಳಕ್ಕೆ ವಾಲಿದರೆ ಋಣ, ಹೊರಕ್ಕೆ ವಾಲಿದರೆ ಧನ. ಗಿಡ್ಡ ಸ್ಪ್ರಿಂಗುಗಳನ್ನು ತೊಡಿಸಿ ಕಾರನ್ನು ತಗ್ಗಿಸಿದವರಿಗೆ ಈ ಶಬ್ದದ ಪರಿಚಯ ಅನಿವಾರ್ಯ. ಏಕೆಂದರೆ ತಗ್ಗಿದೊಡನೆ ಋಣ ಕ್ಯಾಂಬರ್ ಸಾಮಾನ್ಯವಾಗಿ ಹೆಚ್ಚಿ, ಜೊತೆಗೆ ‘ಟೋ’ (ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಕದಲಿ, ಟೈರಿನ ಒಳಅಂಚು ಬೇಗ ಸವೆಯತೊಡಗುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಬಗೆಯ ಸಸ್ಪೆನ್ಷನ್ ಇರುವ ಅನೇಕ ಕಾರುಗಳಲ್ಲಿ ಕ್ಯಾಂಬರನ್ನು ತಿದ್ದುವ ಏರ್ಪಾಡೇ ಮೂಲತಃ ಇಲ್ಲದಿರುವುದರಿಂದ (ವೀಲ್ ಅಲೈನ್‌ಮೆಂಟ್ ಅಂಗಡಿಯವರು ಟೋ ಮಾತ್ರ ಸರಿಪಡಿಸಿ ಕಳುಹಿಸುವುದು ಸದಾ ಸೋಮಾರಿತನದಿಂದಲ್ಲ) ಕ್ಯಾಂಬರ್ ಬೋಲ್ಟುಗಳನ್ನು ಬೇರೆಯಾಗಿ ಹಾಕಿಸಬೇಕಾದೀತು. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುವುದರಿಂದ, ಟೋ ತಿದ್ದುವ ಕೆಲಸ ಕಟ್ಟಕಡೆಯಲ್ಲಿಯೇ ಆಗಲಿ.